ಡ್ಯಾಶ್‌ಕ್ಯಾಮ್ ವಿಡಿಯೊ ಕೋರ್ಟಿನಲ್ಲಿ ನಿಲ್ಲಬೇಕಾದರೆ: ಕ್ಯಾಮೆರಾ ಕೂರಿಸುವುದರಿಂದ ಪ್ರಮಾಣಪತ್ರದವರೆಗೆ

ಕಾರಿಗೆ ಡ್ಯಾಶ್‌ಕ್ಯಾಮ್ (ಮುಂದಿನ ಗಾಜಿನ ಬಳಿ ಕೂತು ರಸ್ತೆಯ ವಿಡಿಯೊ ತೆಗೆಯುತ್ತಲೇ ಇರುವ ಪುಟ್ಟ ಕ್ಯಾಮೆರಾ) ಹಾಕಿಸಿದವರೂ ಹಾಕಿಸಬೇಕೆಂದಿರುವವರೂ ಕೇಳುವ ಪ್ರಶ್ನೆ ಒಂದೇ: "ನಾಳೆ ಏನಾರ ಆದ್ರ ಈ ವಿಡಿಯೊ ಕೋರ್ಟಿನಾಗ ನಡೀತದೇನ್ರಿ?"

ನಡೆಯುತ್ತದೆ. ಎಲೆಕ್ಟ್ರಾನಿಕ್ ದಾಖಲೆ ಎಂಬ ಒಂದೇ ಕಾರಣಕ್ಕೆ ಅದನ್ನು ಸಾಕ್ಷ್ಯವಾಗಿ ತಳ್ಳಿಹಾಕುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 61 ಸ್ಪಷ್ಟವಾಗಿ ಹೇಳಿದೆ. ಈ ಕಾಯ್ದೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಆದರೆ ಒಳ್ಳೆಯ ವಿಡಿಯೊಗಳು ಕೆಲಸಕ್ಕೆ ಬಾರದೆ ಹೋಗುವುದು ಕೋರ್ಟಿನ ಮೆಟ್ಟಿಲು ಹತ್ತುವುದಕ್ಕಿಂತ ಬಹಳ ಮೊದಲೇ, ಘಟನೆಯಾದ ಕೆಲವೇ ತಾಸುಗಳಲ್ಲಿ. ಮೆಮೊರಿ ಕಾರ್ಡ್ ತೆಗೆಯಲು ಮರೆತು ಅದರ ಮೇಲೆ ಹೊಸ ದೃಶ್ಯ ಬಂದು ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಗುಂಪು ಸುತ್ತಿದ ತುಣುಕು ಮಾತ್ರ ಉಳಿದು ಮೂಲ ಕಳೆದುಹೋಗುತ್ತದೆ. ಕ್ಯಾಮೆರಾದ ಗಡಿಯಾರ ಎರಡೂವರೆ ತಾಸು ಮುಂದಿರುತ್ತದೆ. ಇವೆಲ್ಲ ತಪ್ಪಿಸಬಹುದಾದ ನಷ್ಟಗಳು, ಅದಕ್ಕೇ ಈ ಲೇಖನ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದರ ಅಗತ್ಯ ಹೆಚ್ಚು. ನಿಪ್ಪಾಣಿಯಿಂದ ಕಿತ್ತೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 48, ವಿಜಯಪುರದಿಂದ ನಿಡಗುಂದಿ, ಹುನಗುಂದ, ಇಳಕಲ್ ಕಡೆಗೆ 50, ಕೊಲ್ಹಾರ, ಕೆರೂರು ದಾಟಿ ಹುಬ್ಬಳ್ಳಿಗೆ 52. ಈ ರಸ್ತೆಗಳಲ್ಲಿ ನಿಮಗೆ ಡಿಕ್ಕಿ ಹೊಡೆದು ಹೋದ ಗಾಡಿ ಒಂದು ತಾಸಿನೊಳಗೆ ಮಹಾರಾಷ್ಟ್ರದಲ್ಲೋ ಗೋವಾದಲ್ಲೋ ಇರಬಹುದು. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಅಥಣಿ, ಗೋಕಾಕ ಸುತ್ತಮುತ್ತ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದೆ ರಾತ್ರಿ ಸಾಗುತ್ತವೆ. ಅಂಥದ್ದಕ್ಕೆ ಹಿಂದಿನಿಂದ ಗುದ್ದಿದಾಗ ತಪ್ಪು ಹಿಂದಿನವನದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಟ್ರೇಲರ್ ನಿಂತಿತ್ತೋ ಓಡುತ್ತಿತ್ತೋ, ದೀಪ ಇತ್ತೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿ ಬೆಳಗಾಗುವುದರಲ್ಲಿ ಸಿಗುವುದಿಲ್ಲ. ಸತ್ತವನ ಮನೆಯವರಿಗೆ ಬರಬೇಕಾದ ಪರಿಹಾರ ಇದೊಂದೇ ಕಾರಣಕ್ಕೆ ಅರ್ಧಕ್ಕೆ ಇಳಿಯಬಹುದು.

ಮೊದಲು ಏನೇನು ಬೇಕು

ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್, ಅದಕ್ಕೆ ಎರಡು ಮೆಮೊರಿ ಕಾರ್ಡ್ (ಒಂದು ಓಡುವುದಕ್ಕೆ, ಇನ್ನೊಂದು ಗಾಡಿಯಲ್ಲೇ ಕಾದಿಡಲು), ಕಾರ್ಡ್ ರೀಡರ್, ಲಾಕ್ ಗುಂಡಿ ಇರುವ ಎಸ್‌ಡಿ ಅಡಾಪ್ಟರ್, ಕೆಲವು ಕಾಗದದ ಲಕೋಟೆ, ಒಂದು ಪೆನ್ನು. ಕ್ಯಾಮೆರಾ ಮತ್ತು ಕಾರ್ಡಿನ ಬಿಲ್ಲನ್ನು ಆರ್‌ಸಿ, ವಿಮೆ ಕಾಗದಗಳ ಜೊತೆ ಇಡಿ. ಉಪಕರಣ ನಿಮ್ಮದೇ ಎಂದು ತೋರಿಸಲು ಮುಂದೆ ಆ ಬಿಲ್ಲೇ ಬೇಕಾಗುತ್ತದೆ.

ಹಂತ 1: ಕ್ಯಾಮೆರಾ ಮತ್ತು ಕಾರ್ಡ್ ಆರಿಸುವುದು

ಅಂಗಡಿಯವರು ಮೊದಲು ಹೇಳುವುದು ರೆಸೊಲ್ಯೂಶನ್, ಅಂದರೆ ಚಿತ್ರ ಎಷ್ಟು ಸ್ಫುಟ ಎಂಬುದರ ಅಳತೆ. 1080ಪಿ ಕನಿಷ್ಠ. ನಂಬರ್ ಪ್ಲೇಟ್ ಓದಿಸಬೇಕೆಂದರೆ 2ಕೆ ಒಳ್ಳೆಯದು. ಆದರೆ ನಮ್ಮ ಹವೆಗೆ ಅದಕ್ಕಿಂತ ಮುಖ್ಯವಾದದ್ದು ಒಳಗಿನ ವಿದ್ಯುತ್ ಸಂಗ್ರಹ. ಅಗ್ಗದ ಕ್ಯಾಮೆರಾಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ಹೊರಗೇ 40 ಡಿಗ್ರಿ ದಾಟಿದಾಗ ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಬಳಿ ಶಾಖ ಇನ್ನೂ ಬಹಳ ಏರುತ್ತದೆ, ಆ ಬ್ಯಾಟರಿ ಉಬ್ಬಿ ಕ್ಯಾಮೆರಾ ಸಾಯುತ್ತದೆ. ಸೂಪರ್ ಕೆಪಾಸಿಟರ್ ಇರುವುದನ್ನೇ ಕೊಳ್ಳಿ. ಇದು ಬ್ಯಾಟರಿಯ ಬದಲು ಕೆಲವು ಸೆಕೆಂಡಿಗೆ ಸಾಕಾಗುವಷ್ಟು ವಿದ್ಯುತ್ ಹಿಡಿದಿಡುವ ಭಾಗ. ಶಾಖ ತಾಳುತ್ತದೆ, ಮತ್ತು ಡಿಕ್ಕಿಯಲ್ಲಿ ಕರೆಂಟ್ ಕಡಿದುಹೋದರೂ ಕೊನೆಯ ಫೈಲನ್ನು ಸರಿಯಾಗಿ ಮುಚ್ಚಲು ಸಮಯ ಕೊಡುತ್ತದೆ. ಬಹಳ ಸಲ ನಮಗೆ ಬೇಕಾದ ದೃಶ್ಯ ಇರುವುದು ಆ ಕೊನೆಯ ಫೈಲಿನಲ್ಲೇ.

ಕಾರ್ಡ್ ವಿಷಯದಲ್ಲಿ ಕಂಜೂಸುತನ ಬೇಡ. ಫೋನಿಗೆ ಹಾಕುವ ಸಾಮಾನ್ಯ ಕಾರ್ಡ್ ದಿನವಿಡೀ ಅಳಿಸಿ ಬರೆಯುವ ಕೆಲಸಕ್ಕೆ ಮಾಡಿದ್ದಲ್ಲ. 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುವ ಕಾರ್ಡ್ ಕೇಳಿ. ಮೇಲೆ ಒಂದು ಗಾತ್ರ ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡುಗಳು ಸಂತೆಯಲ್ಲೂ ಆನ್‌ಲೈನಿನಲ್ಲೂ ಇವೆ. ಕೊಂಡ ದಿನವೇ ಕಂಪ್ಯೂಟರಿಗೆ ಹಾಕಿ ಪೂರ್ತಿ ತುಂಬುವಷ್ಟು ಫೈಲು ತುಂಬಿಸಿ, ಎಲ್ಲವೂ ಮತ್ತೆ ತೆರೆಯುತ್ತವೆಯೇ ನೋಡಿ. ಗಾತ್ರದ ಲೆಕ್ಕ ಹೀಗೆ: 1080ಪಿ ದೃಶ್ಯ ಸೆಕೆಂಡಿಗೆ 15 ಮೆಗಾಬಿಟ್ ವೇಗದಲ್ಲಿ ಬರೆದರೆ ತಾಸಿಗೆ ಸುಮಾರು 6.75 ಜಿಬಿ ಆಗುತ್ತದೆ. 64 ಜಿಬಿ ಕಾರ್ಡಿನಲ್ಲಿ ಒಂಬತ್ತು ತಾಸಿನಷ್ಟು ಓಟ ಮಾತ್ರ ಇರುತ್ತದೆ, ಆಮೇಲೆ ಹಳೆಯದು ಅಳಿಯುತ್ತ ಹೋಗುತ್ತದೆ. ಇದಕ್ಕೆ ಲೂಪ್ ರೆಕಾರ್ಡಿಂಗ್ ಎನ್ನುತ್ತಾರೆ. ಹಿಂದಿನ ಕ್ಯಾಮೆರಾವೂ ಇದ್ದರೆ ಆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಬೆಳಗಾವಿಯಿಂದ ಬೆಂಗಳೂರಿಗೆ ಹೋಗುವವರಿಗೆ ನಾನು 128 ಜಿಬಿಗಿಂತ ಕಡಿಮೆ ಹೇಳುವುದಿಲ್ಲ.

ಹಂತ 2: ಕೂರಿಸುವುದು

ಒಳಗಿನ ಕನ್ನಡಿಯ ಹಿಂದೆ, ಚಾಲಕನ ನೋಟಕ್ಕೆ ಅಡ್ಡ ಬಾರದಂತೆ, ವೈಪರ್ ಒರೆಸುವ ಜಾಗದೊಳಗೇ ಕೂರಿಸಿ. ಖಾನಾಪುರ, ಜಾಂಬೋಟಿ ಕಡೆಯ ಮಳೆಗಾಲದಲ್ಲಿ ವೈಪರ್ ತಲುಪದ ಜಾಗದ ಕ್ಯಾಮೆರಾ ಬರೀ ನೀರನ್ನು ತೋರಿಸುತ್ತದೆ. ಎರೆಮಣ್ಣಿನ ಧೂಳು ಗಾಜಿನ ಹೊರಗೂ ಒಳಗೂ ಕೂರುತ್ತದೆ, ಲೆನ್ಸಿನ ಮುಂದಿನ ಅಂಗೈಯಗಲ ಜಾಗವನ್ನು ವಾರಕ್ಕೊಮ್ಮೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ.

ಎಚ್ಚರಿಕೆ: ಮುಂಗಂಬದ ಮೇಲೆ ವೈರ್ ಎಳೆಯುವಾಗ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ವೈರ್ ಏರ್‌ಬ್ಯಾಗಿನ ಹಿಂದಿನಿಂದ ಹೋಗಬೇಕು. ಮುಂದೆ ಸಿಕ್ಕಿಸಿದರೆ ಏರ್‌ಬ್ಯಾಗ್ ಬಿಚ್ಚುವಾಗ ಅಡ್ಡವಾಗಬಹುದು. ಕಾರಿನ ಮೂಲ ವೈರನ್ನು ಸೀಳಿ ಕೂಡಿಸಲು ಬಿಡಬೇಡಿ, ವಾರಂಟಿಗೆ ತಕರಾರು ಬರುತ್ತದೆ. ಫ್ಯೂಸ್ ಪೆಟ್ಟಿಗೆಯಿಂದ ತೆಗೆಯುವ ಕಿಟ್ ಸಿಗುತ್ತದೆ. ಗಾಡಿ ನಿಂತಾಗಲೂ ಕಾಯುವ ಪಾರ್ಕಿಂಗ್ ಮೋಡ್ ಬೇಕಿದ್ದರೆ, ಬ್ಯಾಟರಿ ಒಂದು ಮಟ್ಟಕ್ಕಿಂತ ಇಳಿದಾಗ ತಾನೇ ಆರುವ ವ್ಯವಸ್ಥೆ ಆ ಕಿಟ್‌ನಲ್ಲಿರಲಿ. ಬೆಳಗಾವಿಯ ಗಲ್ಲಿಗಳಲ್ಲಿ ರಾತ್ರಿ ಹೊರಗೆ ನಿಲ್ಲಿಸುವವರಿಗೆ ಇದು ಉಪಯುಕ್ತ, ಮನೆಯೊಳಗೆ ನಿಲ್ಲಿಸುವವರಿಗೆ ಬೇಡದ ಖರ್ಚು.

ಹಂತ 3: ಗಡಿಯಾರ ಮತ್ತು ಸೆಟ್ಟಿಂಗ್

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಪೆಟ್ಟಿಗೆಯಿಂದ ತೆಗೆದ ಕ್ಯಾಮೆರಾ ಎಷ್ಟೋ ಸಲ ಚೀನಾದ ಕಾಲಕ್ಕೆ ಹೊಂದಿಸಿಕೊಂಡಿರುತ್ತದೆ. ಅದು ನಮಗಿಂತ ಎರಡೂವರೆ ತಾಸು ಮುಂದು. ರಾತ್ರಿ 9ಕ್ಕೆ ನಡೆದ ಅಪಘಾತ ವಿಡಿಯೊದಲ್ಲಿ 11:30ಕ್ಕೆ ಬರುತ್ತದೆ. ಎಫ್‌ಐಆರ್‌ನಲ್ಲಿ ಒಂದು ವೇಳೆ, ವಿಡಿಯೊದಲ್ಲಿ ಇನ್ನೊಂದು. ಎದುರು ವಕೀಲರಿಗೆ ಅಷ್ಟೇ ಸಾಕು. ಸೆಟ್ಟಿಂಗಿನಲ್ಲಿ ಟೈಮ್ ಝೋನ್ +5:30 ಇರಲಿ. ಜಿಪಿಎಸ್ ಇದ್ದರೆ ಸಮಯವನ್ನು ಉಪಗ್ರಹದಿಂದ ತಾನೇ ಸರಿಮಾಡಿಕೊಳ್ಳುವ ಆಯ್ಕೆಯನ್ನು ಚಾಲೂ ಮಾಡಿ. ದಿನಾಂಕ, ಸಮಯ, ಸ್ಥಳದ ಅಂಕಿಗಳು ಚಿತ್ರದ ಮೇಲೇ ಮೂಡಲಿ.

ಎರಡನೆಯದು ಜಿ-ಸೆನ್ಸರ್. ಜೋರಾದ ಕುಲುಕು ಆದಾಗ ಆ ಫೈಲನ್ನು ಅಳಿಸದಂತೆ ಬೀಗ ಹಾಕುವ ಸಾಧನ ಇದು. ಇದರ ಸೂಕ್ಷ್ಮತೆಯನ್ನು 'ಹೈ' ಇಟ್ಟರೆ ನಮ್ಮ ಒಳರಸ್ತೆಗಳ ಒಂದೊಂದು ತಗ್ಗೂ ಅಪಘಾತವೆಂದು ದಾಖಲಾಗುತ್ತದೆ. ಬೀಗ ಬಿದ್ದ ಫೈಲುಗಳೇ ಕಾರ್ಡ್ ತುಂಬಿ ಹೊಸದಕ್ಕೆ ಜಾಗವಿಲ್ಲದಂತಾಗುತ್ತದೆ, ಕೆಲವು ಕ್ಯಾಮೆರಾಗಳು ರೆಕಾರ್ಡಿಂಗನ್ನೇ ನಿಲ್ಲಿಸುತ್ತವೆ. 'ಲೋ' ಅಥವಾ 'ಮೀಡಿಯಂ' ಸಾಕು. ಫೈಲಿನ ಉದ್ದ ಒಂದರಿಂದ ಮೂರು ನಿಮಿಷ ಇರಲಿ.

ಧ್ವನಿ ಬೇಕೋ ಬೇಡವೋ? ಹಾರ್ನ್, ಬ್ರೇಕಿನ ಸದ್ದು, ಡಿಕ್ಕಿಯ ಕ್ಷಣ ಗೊತ್ತಾಗುವುದು ಧ್ವನಿಯಿಂದ, ಆದ್ದರಿಂದ ಸ್ವಂತ ಕಾರಿನಲ್ಲಿ ಇರಲಿ ಎಂಬುದು ನನ್ನ ಅಭಿಪ್ರಾಯ. ಮನೆಯವರಿಗೆ ಮೊದಲೇ ಹೇಳಿಡಿ. ಬಾಡಿಗೆ ಕಾರು, ಕ್ರೂಸರ್ ಓಡಿಸುವವರು ಪ್ರಯಾಣಿಕರಿಗೆ ಕಾಣುವಂತೆ ಕನ್ನಡ, ಮರಾಠಿ ಎರಡರಲ್ಲೂ ಒಂದು ಚೀಟಿ ಅಂಟಿಸಿ. ಒಳಮುಖದ ಕ್ಯಾಮೆರಾ ಇದ್ದರಂತೂ ಇದು ತಪ್ಪಬಾರದು.

ವೇಗದ ಅಂಕಿಯನ್ನು ಅಳಿಸಿಬಿಡಬೇಕೇ ಎಂದು ಕೆಲವರು ಮೆಲ್ಲಗೆ ಕೇಳುತ್ತಾರೆ. ಅಂಕಿ ಇಲ್ಲದಿದ್ದರೂ ವೇಗ ತೆಗೆಯಬಹುದು. ತಾಸಿಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ, ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆ ಮುಕ್ಕಾಲು ಮೀಟರಿನಷ್ಟು. ದೂರ ಗೊತ್ತಿರುವ ಎರಡು ಗುರುತುಗಳ ನಡುವಿನ ಚಿತ್ರಗಳನ್ನು ಎಣಿಸಿ ವಿಧಿವಿಜ್ಞಾನದವರು ವೇಗ ಹೇಳಬಲ್ಲರು. ಕ್ಯಾಮೆರಾ ಯಾರ ಪರವೂ ಅಲ್ಲ, ನಿಮ್ಮ ಪರವೂ ಅಲ್ಲ. ಇದನ್ನು ಒಪ್ಪಿಕೊಂಡೇ ಹಾಕಿಸಿ.

ಹಂತ 4: ತಿಂಗಳಿಗೊಮ್ಮೆ

ಒಂದು ಫೈಲು ತೆರೆದು ನೋಡಿ. ಗಡಿಯಾರವನ್ನು ಫೋನಿನ ಸಮಯಕ್ಕೆ ಹೋಲಿಸಿ. ಕಾಯ್ದಿಡಬೇಕಾದ್ದು ಏನೂ ಇಲ್ಲದಿದ್ದರೆ ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ಈ ತಪಾಸಣೆಯ ದಿನಾಂಕವನ್ನು ಒಂದು ಡೈರಿಯಲ್ಲಿ ಬರೆದಿಡಿ. ಉಪಕರಣ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಮುಂದೆ ನೀವು ಸಹಿ ಮಾಡಿ ಹೇಳಬೇಕಾದಾಗ ಈ ಡೈರಿ ಕೈಹಿಡಿಯುತ್ತದೆ.

ಹಂತ 5: ಅಪಘಾತದ ಸ್ಥಳದಲ್ಲಿ

ಮೊದಲು ಮನುಷ್ಯರು, ಆಮೇಲೆ ಕ್ಯಾಮೆರಾ. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು, ಆದಷ್ಟು ಬೇಗ, ಹೆಚ್ಚೆಂದರೆ 24 ತಾಸಿನೊಳಗೆ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 134ರ ಪ್ರಕಾರ ಚಾಲಕನ ಕರ್ತವ್ಯ. ತುರ್ತು ಸಂಖ್ಯೆ 112.

ಅದಾದ ಮೇಲೆ ಈ ಕ್ರಮ:

1. ಕ್ಯಾಮೆರಾದ ಲಾಕ್ ಗುಂಡಿ ಒತ್ತಿ. ಅಪಘಾತದ ಫೈಲಿಗೆ ಬೀಗ ಬೀಳುತ್ತದೆ.

2. ಅರ್ಧ ನಿಮಿಷ ಬಿಟ್ಟು ಕ್ಯಾಮೆರಾದ ವೈರ್ ಕೀಳಿ. ಗಾಡಿ ಆರಿಸಿದರೆ ಸಾಕು ಎಂದುಕೊಳ್ಳಬೇಡಿ. ಪಾರ್ಕಿಂಗ್ ಮೋಡ್ ಇದ್ದರೆ ಅದು ಬರೆಯುತ್ತಲೇ ಇರುತ್ತದೆ, ರಾತ್ರಿಯಿಡೀ ಠಾಣೆಯ ಅಂಗಳದ ದೃಶ್ಯ ತುಂಬಿಕೊಂಡು ಹಳೆಯದು ಅಳಿಯಬಹುದು.

3. ಕ್ಯಾಮೆರಾ ಇದ್ದಲ್ಲೇ ಇರುವಾಗ ಫೋನಿನಿಂದ ಅದರ ಚಿತ್ರ ತೆಗೆಯಿರಿ. ಕ್ಯಾಮೆರಾದ ಪರದೆಯ ಸಮಯವೂ ಫೋನಿನ ಸಮಯವೂ ಒಂದೇ ಚಿತ್ರದಲ್ಲಿ ಬರುವಂತೆ ಇನ್ನೊಬ್ಬರ ಫೋನಿನಿಂದ ತೆಗೆಸಿದರೆ ಗಡಿಯಾರ ಎಷ್ಟು ಹಿಂದೆ ಮುಂದೆ ಇತ್ತೆಂಬ ತಕರಾರೇ ಉಳಿಯುವುದಿಲ್ಲ.

4. ಕಾರ್ಡ್ ತೆಗೆಯಬೇಕೇ? ಬಂಪರ್ ತಾಗಿದಂಥ ಸಣ್ಣ ಪ್ರಕರಣವಾದರೆ, ಗಾಡಿ ಗ್ಯಾರೇಜಿಗೆ ಹೋಗುವ ಮೊದಲೇ ತೆಗೆದು ಲಕೋಟೆಗೆ ಹಾಕಿ, ದಿನಾಂಕ, ಸಮಯ, ಸ್ಥಳ, ಗಾಡಿ ನಂಬರ್ ಬರೆದು, ಅಂಟಿಸಿ, ಜೊತೆಗಿದ್ದ ಒಬ್ಬರ ಸಹಿ ಹಾಕಿಸಿ. ಸಾವು ಅಥವಾ ತೀವ್ರ ಗಾಯ ಆಗಿದ್ದರೆ ಕಾರ್ಡನ್ನು ಕ್ಯಾಮೆರಾದಲ್ಲೇ ಬಿಟ್ಟು, ಸ್ಥಳಕ್ಕೆ ಬಂದ ಅಧಿಕಾರಿಗೆ ತೋರಿಸಿ, ಪಂಚನಾಮೆಯಲ್ಲಿ ಅದು ನಮೂದಾಗುವಂತೆ ಕೇಳಿಕೊಳ್ಳಿ. ಕಾರ್ಡ್ ನಿಮ್ಮ ಕಿಸೆಯಲ್ಲಿ ಓಡಾಡಿದಷ್ಟೂ ಪ್ರಶ್ನೆಗಳು ಹೆಚ್ಚುತ್ತವೆ.

5. ಹತ್ತಿರದ ಕಿಲೋಮೀಟರ್ ಕಲ್ಲು, ಢಾಬಾ, ಪೆಟ್ರೋಲ್ ಪಂಪಿನ ಹೆಸರು ಬರೆದುಕೊಳ್ಳಿ. ಅಲ್ಲಿನ ಸಿಸಿಟಿವಿಯೂ ನಿಮ್ಮ ಕ್ಯಾಮೆರಾದಂತೆಯೇ ಹಳೆಯದನ್ನು ಅಳಿಸುತ್ತಿರುತ್ತದೆ. ಡಿಕ್ಕಿ ಹೊಡೆದ ಗಾಡಿ ಕೊಗನೊಳ್ಳಿ, ಹತ್ತರಗಿ ಅಥವಾ ಹಿರೇಬಾಗೇವಾಡಿ ಟೋಲ್ ದಾಟಿರಬಹುದೆನಿಸಿದರೆ ಅದನ್ನೂ ಫಿರ್ಯಾದಿನಲ್ಲಿ ಬರೆಯಿರಿ. ಅಂಥ ದೃಶ್ಯ ಹಾಜರುಪಡಿಸುವಂತೆ ಆದೇಶಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಲ್ಲಿ ಠಾಣಾಧಿಕಾರಿಗೆ ಅಧಿಕಾರವಿದೆ. ನೀವು ಕೇಳಿದರೆ ಢಾಬಾದವರು ಕೊಡದಿರಬಹುದು, ಪೊಲೀಸರು ಬರೆದು ಕೇಳಿದರೆ ಕೊಡಲೇಬೇಕು.

ತಪ್ಪು ನಿಮ್ಮದೇ ಎಂದು ವಿಡಿಯೊ ತೋರಿಸುತ್ತಿದ್ದರೆ? ಅಳಿಸಬೇಡಿ. ಸಾಕ್ಷ್ಯವಾಗಿ ಹಾಜರುಪಡಿಸಬೇಕಾಗಬಹುದಾದ ಎಲೆಕ್ಟ್ರಾನಿಕ್ ದಾಖಲೆಯನ್ನು ಬೇಕೆಂದೇ ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 241ರಲ್ಲಿ ಪ್ರತ್ಯೇಕ ಅಪರಾಧ, ಮೂರು ವರ್ಷದವರೆಗೆ ಸಜೆ ಇದೆ. ಅಳಿಸಿದ ಫೈಲನ್ನು ಪ್ರಯೋಗಾಲಯದಲ್ಲಿ ಮರಳಿ ತೆಗೆಯುವುದೂ ಎಷ್ಟೋ ಸಲ ಸಾಧ್ಯ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಎಂಬ ರಕ್ಷಣೆ ಸಂವಿಧಾನದ 20(3)ನೇ ವಿಧಿಯಲ್ಲಿದೆ. ಅದು ನಿಮ್ಮ ಪ್ರಕರಣಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರ ಹತ್ತಿರ ಕೇಳಿ. ಕೇಳುವವರೆಗೆ ಕಾರ್ಡ್ ಮುಟ್ಟಬೇಡಿ.

ಹಂತ 6: ಪ್ರತಿ ತೆಗೆಯುವುದು, ಹ್ಯಾಶ್ ಬರೆದಿಡುವುದು

ಕಾರ್ಡ್ ನಿಮ್ಮ ಕೈಯಲ್ಲೇ ಇದ್ದರೆ ಮಾತ್ರ ಈ ಹಂತ. ಮೈಕ್ರೊ ಎಸ್‌ಡಿ ಕಾರ್ಡನ್ನು ದೊಡ್ಡ ಅಡಾಪ್ಟರಿಗೆ ಹಾಕಿ, ಅದರ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ. ಆಗ ಕಂಪ್ಯೂಟರು ಕಾರ್ಡನ್ನು ಓದಬಲ್ಲದು, ಬರೆಯಲಾರದು. ಲಾಕ್ ಇಲ್ಲದೆ ಹಾಕಿದರೆ ವಿಂಡೋಸ್ ತನ್ನಷ್ಟಕ್ಕೆ ಅದರಲ್ಲಿ ಕೆಲವು ಕಡತ ಬರೆಯುತ್ತದೆ, ಕಾರ್ಡ್ ಸರಿಪಡಿಸಲೇ ಎಂದೂ ಕೇಳುತ್ತದೆ. ಅದಕ್ಕೆ ಹೂಂ ಅನ್ನಬೇಡಿ.

ಅಪಘಾತದ ಫೈಲು ಮಾತ್ರವಲ್ಲ, ಅದಕ್ಕಿಂತ ಹಿಂದಿನ ಅರ್ಧ ತಾಸಿನ ಮತ್ತು ನಂತರದ ಎಲ್ಲ ಫೈಲುಗಳನ್ನೂ ನಕಲು ಮಾಡಿ. ನೀವು ನೆಟ್ಟಗೆ ಓಡಿಸುತ್ತಿದ್ದಿರಿ, ನಿದ್ದೆಗಣ್ಣಿನಲ್ಲಿರಲಿಲ್ಲ ಎಂದು ಹೇಳುವುದು ಆ ಅರ್ಧ ತಾಸೇ. ಇಪ್ಪತ್ತು ಸೆಕೆಂಡಿನ ತುಣುಕು ಕೊಟ್ಟವರಿಗೆ "ಉಳಿದದ್ದು ಎಲ್ಲಿ?" ಎಂಬ ಪ್ರಶ್ನೆ ತಪ್ಪದು. ಫೈಲಿನ ಹೆಸರು ಬದಲಿಸಬೇಡಿ, ತುಂಡರಿಸಬೇಡಿ, ಬಾಣದ ಗುರುತು ಹಾಕಬೇಡಿ, ಬೆಳಕು ಹೆಚ್ಚಿಸಬೇಡಿ. ಕ್ಯಾಮೆರಾದ ಫೋನ್ ಆ್ಯಪ್ ಮೂಲಕ ಇಳಿಸಿದ ಪ್ರತಿ ಕೆಲವು ಮಾದರಿಗಳಲ್ಲಿ ಕಡಿಮೆ ಗುಣಮಟ್ಟದ್ದಾಗಿರುತ್ತದೆ, ಆದ್ದರಿಂದ ಕಾರ್ಡಿನಿಂದಲೇ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಫೈಲನ್ನು ಹಿಂಡಿ ಚಿಕ್ಕದು ಮಾಡುತ್ತದೆ, ನಂಬರ್ ಪ್ಲೇಟ್ ಮಸುಕಾಗುತ್ತದೆ, ಒಳಗಿನ ಮಾಹಿತಿ ಕಳೆದುಹೋಗುತ್ತದೆ. ತುರ್ತಿಗೆ ಕಳಿಸಲೇಬೇಕಾದರೆ 'ಡಾಕ್ಯುಮೆಂಟ್' ಎಂದು ಕಳಿಸಿ.

ನಕಲಾದ ಮೇಲೆ ಹ್ಯಾಶ್ ತೆಗೆಯಿರಿ. ಹ್ಯಾಶ್ ಎಂದರೆ ಫೈಲಿನೊಳಗಿನ ಪ್ರತಿಯೊಂದು ಅಂಶವನ್ನೂ ಲೆಕ್ಕಕ್ಕೆ ಹಿಡಿದು ಕಂಪ್ಯೂಟರ್ ಕೊಡುವ ಅಂಕಿ-ಅಕ್ಷರಗಳ ಸಾಲು, ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂತೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರಗಳ ಸಾಲು. ಫೈಲಿನಲ್ಲಿ ಒಂದೇ ಒಂದು ಬಿಂದು ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲೇ ಇರುವ 'ಸರ್ಟ್‌ಯುಟಿಲ್' ಎಂಬ ಸಲಕರಣೆ ಇದನ್ನು ಮಾಡುತ್ತದೆ, ಕಂಪ್ಯೂಟರ್ ಗೊತ್ತಿರುವ ಯಾರೂ ಎರಡು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ಕಾರ್ಡಿನಲ್ಲಿರುವ ಫೈಲಿನದ್ದೂ ಪ್ರತಿಯದ್ದೂ ಹ್ಯಾಶ್ ಒಂದೇ ಇದೆಯೇ ನೋಡಿ, ಮುದ್ರಿಸಿ, ದಿನಾಂಕ ಹಾಕಿ ಸಹಿ ಮಾಡಿ. ಕಾರ್ಡನ್ನು ಮತ್ತೆ ಲಕೋಟೆಗೆ ಸೇರಿಸಿ. ಕ್ಯಾಮೆರಾಗೆ ಹೊಸ ಕಾರ್ಡ್ ಹಾಕಿ.

ಹಂತ 7: ಪೊಲೀಸರಿಗೆ ಕೊಡುವುದು

ಬಾಯಿಮಾತಿನಲ್ಲಿ "ವಿಡಿಯೊ ಅದರೀ ಸಾಹೇಬ್ರ" ಎಂದರೆ ಸಾಲದು. ಫಿರ್ಯಾದಿನಲ್ಲೇ ಬರೆಯಿರಿ: ನನ್ನ ಗಾಡಿಯಲ್ಲಿ ಇಂಥ ಕಂಪನಿಯ, ಇಂಥ ಮಾದರಿಯ, ಇಂಥ ಸೀರಿಯಲ್ ನಂಬರಿನ ಕ್ಯಾಮೆರಾ ಇತ್ತು, ಅದರ ಕಾರ್ಡಿನಲ್ಲಿ ಇಂಥ ಹೆಸರಿನ ಫೈಲಿನಲ್ಲಿ ಘಟನೆ ದಾಖಲಾಗಿದೆ, ಅದರ ಹ್ಯಾಶ್ ಇದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಎಫ್‌ಐಆರ್ ಪ್ರತಿ ಫಿರ್ಯಾದಿದಾರರಿಗೆ ಉಚಿತ.

ಕಲಮುಗಳ ಸಂಖ್ಯೆ ಬದಲಾಗಿರುವುದು ನೆನಪಿರಲಿ. ಅಜಾಗರೂಕ ಚಾಲನೆಗೆ ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ 279 ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 281, ಗಾಯಕ್ಕೆ 337-338 ಇದ್ದದ್ದು 125, ಸಾವಿಗೆ 304-ಎ ಇದ್ದದ್ದು 106.

ಪೊಲೀಸರು ಕಾರ್ಡ್ ಜಪ್ತು ಮಾಡಿಕೊಳ್ಳುವಾಗ ಮೂರು ಸಂಗತಿ ನೋಡಿ. ಜಪ್ತಿ ಪಂಚನಾಮೆಯಲ್ಲಿ ಕಾರ್ಡಿನ ಕಂಪನಿ, ಗಾತ್ರ, ಅದರ ಮೇಲಿನ ಸಂಖ್ಯೆ ಬರೆದಿರಬೇಕು. ನಿಮ್ಮೆದುರೇ ಲಕೋಟೆಗೆ ಹಾಕಿ ಸೀಲು ಮಾಡಬೇಕು. ಜಪ್ತಿಯ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ, ಅದಕ್ಕೆ ಇ-ಸಾಕ್ಷ್ಯ ಎಂಬ ಆ್ಯಪ್ ಪೊಲೀಸರ ಬಳಿ ಇದೆ. ವಿನಯದಿಂದ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಮೂಲ ಕಾರ್ಡ್ ಕೊಟ್ಟಮೇಲೆ ನಿಮ್ಮ ಬಳಿ ಹ್ಯಾಶ್ ಸಮೇತ ಪ್ರತಿ ಇದೆಯೆಂಬುದು ನೆಮ್ಮದಿ, ಹಂತ 6ನ್ನು ಬಿಡಬೇಡಿರೆಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ. ವಿಡಿಯೊ ತಿದ್ದಿದ್ದಾರೆಂಬ ತಕರಾರು ಬಂದರೆ ಕಾರ್ಡ್ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ನಮ್ಮ ಭಾಗಕ್ಕೆ ಬೆಳಗಾವಿಯಲ್ಲೇ ಪ್ರಾದೇಶಿಕ ಪ್ರಯೋಗಾಲಯ ಇದೆ.

ಠಾಣೆಯಲ್ಲಿ ಫಿರ್ಯಾದು ತೆಗೆದುಕೊಳ್ಳದಿದ್ದರೆ ಅದನ್ನೇ ಬರಹದಲ್ಲಿ ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ಬೆಳಗಾವಿ ನಗರದೊಳಗಿನ ಘಟನೆಯಾದರೆ ಪೊಲೀಸ್ ಆಯುಕ್ತರ ಕಚೇರಿಗೆ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ದಾರಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಲ್ಲೇ ಇದೆ.

ಹಂತ 8: ಕಲಂ 63ರ ಪ್ರಮಾಣಪತ್ರ

ವಿಡಿಯೊ ನಿಜವಿದ್ದೂ ಪುರಾವೆಯಾಗದೆ ಹೋಗುವುದು ಹೆಚ್ಚಾಗಿ ಈ ಕಾಗದ ಇಲ್ಲದ್ದಕ್ಕೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಕಾನೂನಿನ ಕಣ್ಣಿಗೆ ಕ್ಯಾಮೆರಾದ ಮೂಲ ಕಾರ್ಡ್ ಬೇರೆ, ಅದರಿಂದ ಪೆನ್‌ಡ್ರೈವಿಗೆ ಇಳಿಸಿದ ಪ್ರತಿ ಬೇರೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಪ್ರತಿಗೆ 65-ಬಿ ಪ್ರಮಾಣಪತ್ರ ಬೇಕಿತ್ತು. ಅದು ಕಡ್ಡಾಯವೇ ಎಂಬ ಗೊಂದಲಕ್ಕೆ 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಮೂಲ ಉಪಕರಣವನ್ನೇ ಅದರ ಮಾಲೀಕ ಸಾಕ್ಷಿಕಟ್ಟೆಗೆ ಬಂದು ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ, ಪ್ರತಿ ಕೊಡುವುದಾದರೆ ಬೇಕೇ ಬೇಕು ಎಂದಿತು. 65-ಬಿ ಜಾಗದಲ್ಲಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಇದೆ. 2024ರ ಜುಲೈ 1ಕ್ಕೆ ಮೊದಲೇ ಕೋರ್ಟಿನಲ್ಲಿದ್ದ ಪ್ರಕರಣಗಳಿಗೆ ಹಳೆಯ ಕಾಯ್ದೆಯೇ ನಡೆಯುತ್ತದೆ.

ಹೊಸ ಪ್ರಮಾಣಪತ್ರದ ನಮೂನೆ ಅಧಿನಿಯಮದ ಅನುಸೂಚಿಯಲ್ಲೇ ಕೊಟ್ಟಿದೆ, ಎರಡು ಭಾಗ. 'ಎ' ಭಾಗವನ್ನು ನೀವು ತುಂಬಬೇಕು: ಉಪಕರಣ ಯಾವುದು, ಕಂಪನಿ, ಮಾದರಿ, ಬಣ್ಣ, ಸೀರಿಯಲ್ ನಂಬರ್, ಅದು ನಿಮ್ಮ ಸ್ವಾಧೀನದಲ್ಲಿತ್ತು, ಆ ಅವಧಿಯಲ್ಲಿ ನಿಯಮಿತವಾಗಿ ಬಳಕೆಯಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತು, ದಾಖಲೆಯ ಹ್ಯಾಶ್ ಇಷ್ಟು, ತೆಗೆದ ವಿಧಾನ ಇದು. ಬಿಲ್ಲು, ತಿಂಗಳ ತಪಾಸಣೆಯ ಡೈರಿ, ಹ್ಯಾಶ್ ಮುದ್ರಣ ಇವುಗಳನ್ನು ಮೊದಲೇ ಇಟ್ಟುಕೊಳ್ಳಿ ಎಂದದ್ದು ಈ ಖಾನೆಗಳನ್ನು ತುಂಬುವುದಕ್ಕೇ. 'ಬಿ' ಭಾಗಕ್ಕೆ ತಜ್ಞರ ಸಹಿ ಬೇಕು. ಪೊಲೀಸ್ ಪ್ರಕರಣದಲ್ಲಿ ತನಿಖಾಧಿಕಾರಿ ಪ್ರಯೋಗಾಲಯದ ಮೂಲಕ ಅದನ್ನು ನೋಡಿಕೊಳ್ಳುತ್ತಾರೆ. ನೀವೇ ಹಾಕುವ ಕ್ಲೇಮು ಅಥವಾ ದಾವೆಯಾದರೆ ಯಾವ ತಜ್ಞರಿಂದ ಮಾಡಿಸಬೇಕೆಂದು ವಕೀಲರ ಜೊತೆ ಮೊದಲೇ ನಿಶ್ಚಯಿಸಿ.

ಎಡವಟ್ಟುಗಳು: ಗಾಡಿ ಅಣ್ಣನ ಹೆಸರಿನಲ್ಲಿ, ಓಡಿಸಿದವನು ತಮ್ಮ, ಪ್ರತಿ ತೆಗೆದವನು ಮೊಬೈಲ್ ಅಂಗಡಿಯ ಹುಡುಗ. ಸಹಿ ಯಾರದ್ದು? ಉಪಕರಣವನ್ನು ನಿಭಾಯಿಸುತ್ತಿದ್ದವರದ್ದು. ಆದ್ದರಿಂದ ಪ್ರತಿಯನ್ನೂ ಅವರೇ, ಅವರ ಕಂಪ್ಯೂಟರಿನಲ್ಲೇ ತೆಗೆಯುವುದು ಒಳ್ಳೆಯದು. ಎರಡನೆಯದು, ದಾಖಲೆಯನ್ನು ಹಾಜರುಪಡಿಸುವ ಪ್ರತಿ ಸಲವೂ ಪ್ರಮಾಣಪತ್ರ ಜೊತೆಗಿರಬೇಕು. ಠಾಣೆಗೆ ಕೊಟ್ಟದ್ದು ಕ್ಲೇಮಿಗೆ ಸಾಕಾಗುವುದಿಲ್ಲ.

ಆರಂಭದಲ್ಲಿ ಕೊಡದಿದ್ದರೆ ಎಲ್ಲ ಮುಗಿಯಿತೇ? ಇಲ್ಲ. ನಮ್ಮದೇ ರಾಜ್ಯದ ಪ್ರಕರಣ, ಕರ್ನಾಟಕ ಸರ್ಕಾರ ವಿರುದ್ಧ ಟಿ. ನಸೀರ್, 2023ರ ನವೆಂಬರಿನಲ್ಲಿ ತೀರ್ಮಾನವಾಯಿತು. ಹಳೆಯ ಕಾಯ್ದೆಯಡಿಯ ಪ್ರಮಾಣಪತ್ರವನ್ನು ವಿಚಾರಣೆ ಮುಗಿಯುವ ಮುನ್ನ ಯಾವ ಹಂತದಲ್ಲಾದರೂ ಸಲ್ಲಿಸಲು ಸುಪ್ರೀಂ ಕೋರ್ಟ್ ದಾರಿ ಬಿಟ್ಟಿತು. ಆದರೂ ತಡಮಾಡಬೇಡಿ, ಕ್ಯಾಮೆರಾ ಕೆಟ್ಟುಹೋದ ಮೇಲೆ ಸೀರಿಯಲ್ ನಂಬರ್ ಹುಡುಕುವುದು ಕಷ್ಟ.

ಸಾಕ್ಷಿಕಟ್ಟೆಯಲ್ಲಿ ವಿಡಿಯೊ ತೋರಿಸುವುದಷ್ಟನ್ನೇ ಹೇಳಿ. ಅಗಲ ಕೋನದ ಲೆನ್ಸ್ ಎದುರಿನ ಗಾಡಿಯನ್ನು ಇದ್ದದ್ದಕ್ಕಿಂತ ದೂರದಲ್ಲಿ ತೋರಿಸುತ್ತದೆ, ಜಿಪಿಎಸ್ ವೇಗ ಗಟ್ಟಿ ಬ್ರೇಕಿನ ಕ್ಷಣದಲ್ಲಿ ಸ್ವಲ್ಪ ಹಿಂದುಳಿಯುತ್ತದೆ. ಈ ಮಿತಿಗಳನ್ನು ನೀವೇ ಒಪ್ಪಿಕೊಂಡರೆ ಉಳಿದ ಮಾತಿಗೆ ತೂಕ ಬರುತ್ತದೆ.

ಹಂತ 9: ವಿಮೆ ಮತ್ತು ಪರಿಹಾರದ ಕ್ಲೇಮು

ವಿಮಾ ಕಂಪನಿಗೆ ತಿಳಿಸುವಾಗಲೇ ವಿಡಿಯೊ ಇದೆಯೆಂದು ಬರಹದಲ್ಲಿ ಹೇಳಿ, ಪ್ರತಿ ಕೊಡಿ, ಮೂಲ ಕೊಡಬೇಡಿ. ಕ್ಯಾಮೆರಾ ಕಾರಿನ ಜೊತೆ ಬಂದದ್ದಲ್ಲವಾದರೆ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸದೆ ಅದರ ಬೆಲೆ ಸಿಗುವುದಿಲ್ಲ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತ ರುಜುವಾತು ಬೇಕಿಲ್ಲ. ಹೆಚ್ಚು ಸಂಭವನೀಯ ಯಾವುದು ಎಂದು ತೂಗುತ್ತಾರೆ. ಅಲ್ಲಿ ವಿಡಿಯೊದ ಬೆಲೆ ದೊಡ್ಡದು, ಏಕೆಂದರೆ ಇಬ್ಬರದೂ ತಪ್ಪಿದೆ ಎಂದಾದಾಗ ಯಾರದ್ದು ಎಷ್ಟು ಪಾಲು ಎಂಬುದರ ಮೇಲೆ ಪರಿಹಾರದ ಮೊತ್ತ ಇಳಿಯುತ್ತದೆ. ಕ್ಲೇಮು ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆಯ ಕಲಂ 166(3) ಹೇಳುತ್ತದೆ. ಡಿಕ್ಕಿ ಹೊಡೆದ ಗಾಡಿ ಕೊನೆಗೂ ಪತ್ತೆಯಾಗದಿದ್ದರೆ ಕಲಂ 161ರಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಮಾತ್ರ. ನಂಬರ್ ಪ್ಲೇಟ್ ಓದುವಂತಿದ್ದ ಒಂದು ಕ್ಷಣದ ಚಿತ್ರ ಒಂದು ಕುಟುಂಬಕ್ಕೆ ಎಷ್ಟು ದೊಡ್ಡದೆಂದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಹಂತ 10: ಬೇರೆಯವರ ಅಪಘಾತ ನಿಮ್ಮ ಕ್ಯಾಮೆರಾದಲ್ಲಿ ಸಿಕ್ಕರೆ

ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರು ರಾತ್ರಿ ರಸ್ತೆ ಬದಿಯಲ್ಲಿ ನಡೆಯುತ್ತಿರುತ್ತಾರೆ. ಅವರಲ್ಲೊಬ್ಬರಿಗೆ ಗುದ್ದಿ ಓಡಿಹೋದ ಗಾಡಿ ನಿಮ್ಮ ಕ್ಯಾಮೆರಾದಲ್ಲಿ ಮಾತ್ರ ಇರಬಹುದು. ದಯವಿಟ್ಟು ಸುಮ್ಮನಿರಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ ಕಲಂ 134-ಎ ಗಾಯಾಳುಗಳಿಗೆ ನೆರವಾದ ಸದುದ್ದೇಶದ ವ್ಯಕ್ತಿಗೆ ರಕ್ಷಣೆ ಕೊಡುತ್ತದೆ, ಹೆಸರು ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಆದರೆ ವಿಡಿಯೊ ಕೋರ್ಟಿನಲ್ಲಿ ನಿಲ್ಲಬೇಕಾದರೆ ಅದು ಯಾರದ್ದೆಂದು ಯಾರಾದರೂ ಹೇಳಬೇಕು. ಸಾಧ್ಯವಿದ್ದರೆ ಹೆಸರು ಕೊಟ್ಟೇ ಕೊಡಿ.

ಠಾಣೆಗೆ ಕೊಡುವ ಮೊದಲು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ. ಸತ್ತವರ ಮನೆಗೆ ಸುದ್ದಿ ಮುಟ್ಟುವ ಮುನ್ನ ದೃಶ್ಯ ಮುಟ್ಟುವುದು ಕ್ರೌರ್ಯ. ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ ಕಲಂ 74ರಲ್ಲಿ ಅಪರಾಧವೂ ಹೌದು. ಬೆಳಗಾವಿಯ ದಂಡು ಪ್ರದೇಶ, ಸಾಂಬ್ರಾದ ವಾಯುಪಡೆ ಕೇಂದ್ರ, ಆಲಮಟ್ಟಿ ಆಣೆಕಟ್ಟಿನ ಬಳಿ ಕ್ಯಾಮೆರಾ ಆರಿಸಿ ಎಂದರೆ ತಕ್ಷಣ ಆರಿಸಿ.

ಇನ್ನೊಂದು ಪ್ರಶ್ನೆಯೂ ಬರುತ್ತದೆ: ನನ್ನ ವಿಡಿಯೊ ಕಳಿಸಿದರೆ ಎದುರಿನವರಿಗೆ ನೇರ ಚಲನ್ ಬರುತ್ತದೆಯೇ? ಕೇಂದ್ರ ಮೋಟಾರು ವಾಹನ ನಿಯಮ 167-ಎ ಡ್ಯಾಶ್‌ಬೋರ್ಡ್ ಕ್ಯಾಮೆರಾವನ್ನು ಹೆಸರಿಸಿದೆ ನಿಜ. ಆದರೆ ಅದು ಪ್ರಮಾಣೀಕರಿಸಿ ಸರ್ಕಾರ ಬಳಸುವ ಉಪಕರಣಕ್ಕೆ. ನಿಮ್ಮದು ಪೊಲೀಸರಿಗೆ ಮಾಹಿತಿ, ಮುಂದಿನದು ಅವರ ವಿಚಾರಣೆ.

ಎಲ್ಲಿಯವರೆಗೆ ಕಾಯ್ದಿಡಬೇಕು? ಪರಿಹಾರ ನ್ಯಾಯಮಂಡಳಿಯ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಮೇಲ್ಮನವಿ ಮುಗಿಯುವವರೆಗೆ ಕಾರ್ಡ್, ಕ್ಯಾಮೆರಾ, ಪ್ರತಿ ತೆಗೆದ ಲ್ಯಾಪ್‌ಟಾಪ್ ಯಾವುದನ್ನೂ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬಳಸದೆ ವರ್ಷಗಟ್ಟಲೆ ಇಟ್ಟ ಮೆಮೊರಿ ಕಾರ್ಡಿನಿಂದ ಮಾಹಿತಿ ತಾನಾಗಿ ಅಳಿದುಹೋಗುವುದುಂಟು, ಆದ್ದರಿಂದ ಹ್ಯಾಶ್ ತಾಳೆಯಾದ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ.